ಬೆಳಗಿನ ರಕ್ತ, ಮಧ್ಯಾಹ್ನದ ರಕ್ತ

ಇವತ್ತು ಬೆಳಿಗ್ಗೆ ಚಿನ್ನದ ಗಣಿಯ ಊರು ಮಾರಿಕುಪ್ಪಂನಲ್ಲಿ ರಕ್ತ ತೆಗೆಯಲು ಸ್ಪಿರಿಟ್ ಹತ್ತಿಯ ಡಬ್ಬಿ ತೆರೆದೆ ನೋಡಿ, ಆ ವಾಸನೆಗೆ ಆರ್ಮುಗಂ ಅಣ್ಣನ ನೆನಪಾಯಿತು. ಗಣಿಯಲ್ಲಿ ದುಡಿದು ನಿವೃತ್ತರಾದವರು. ಮಾತಿಗಿಂತ ಕೆಮ್ಮು ಜಾಸ್ತಿ. ಈ ಕೆಮ್ಮು ಗಣಿಯ ದೂಳಿನದೋ ಬೀಡಿಯದೋ ಎಂದು ಸಾಯುವ ಮೊದಲು ತಿಳಿಯಬೇಕು, ಅಷ್ಟೇ ಅವರ ಆಸೆ. ರಕ್ತ ನೋಡಿ ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಆಗ ಹೊಸದಾಗಿ ಸಂಶೋಧನೆಗೆ ಸೇರಿದ್ದೆ. ನಾನು ಒಪ್ಪದ ಕೆಲಸವೇ ಇರಲಿಲ್ಲ.

ರಕ್ತದಲ್ಲಿ ಸಾವಿರಾರು ಜೀನ್‌ಗಳು, ಕೆಲವು ಜೋರಾಗಿ, ಕೆಲವು ಮೆಲ್ಲಗೆ ಕೆಲಸ ಮಾಡುತ್ತಿರುತ್ತವೆ. ದೂಳಿನ ಕಾಯಿಲೆಯವರಲ್ಲಿ ಮಾತ್ರ ಜೋರಾಗಿರುವುದೊಂದು ಸಿಕ್ಕರೆ ಅದೇ ಗುರುತು. ಒಂದೊಂದನ್ನೇ ಹೋಲಿಸುತ್ತ ಹೋದರೆ ಬರೀ ಆಕಸ್ಮಿಕವಾಗಿಯೇ ನೂರಾರು ಸುಳ್ಳು ಗುರುತು ಸಿಗುತ್ತವೆ. ಅದಕ್ಕೇ ಲೆಕ್ಕದ ಬಿಗಿಯಾದ ವಿಧಾನ ಆರಿಸಿದೆ. ಅದರ ಮೇಲೆ ಇನ್ನೊಂದು. ಎಲ್ಲ ಜರಡಿಯಲ್ಲೂ ಒಂದೇ ಜೀನ್ ಉಳಿಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೋಲಿಕೆಗೆಂದು ಕಾಯಿಲೆ ಇಲ್ಲದವರ ರಕ್ತ ತೆಗೆದದ್ದು ಬೂದಿಕೋಟೆಯಲ್ಲಿ, ನಮ್ಮ ಚಿಕ್ಕಮ್ಮ ಹಾಲು ಅಳೆಯುವ ಡೇರಿಯ ಬಾಗಿಲಲ್ಲಿ. ಬೆಳಗಿನ ಹಾಲಿಗೆ ಊರೇ ಸಾಲು ನಿಲ್ಲುತ್ತದಲ್ಲ, ಹುಡುಕಾಟವಿಲ್ಲ. ದೂಳಿನ ಕಾಯಿಲೆಯ ಗಣಿಯವರು ಸಿಕ್ಕಿದ್ದು ಮಧ್ಯಾಹ್ನ ಊಟವಾದ ಮೇಲೆ. ನನ್ನ ಜೀನಿನ ಬಗ್ಗೆ ಚಿಕ್ಕಮ್ಮನ ಮುಂದೆ ಕೊಚ್ಚಿಕೊಂಡೆ.

"ಲೇ, ಬೆಳಗ್ಗಿನ ಹಾಲಿಗೂ ಸಂಜೆ ಹಾಲಿಗೂ ಫ್ಯಾಟ್ ಬ್ಯಾರೆ ಬತ್ತದೆ. ಒಂದ್ ಮನೆ ಬೆಳಗ್ಗಿನ ಹಾಲು, ಇನ್ನೊಂದ್ ಮನೆ ಸಂಜೆ ಹಾಲು ಪಕ್ಕಪಕ್ಕ ಇಟ್ಟು, ಇವ್ರ ಹಸ ಸರಿಯಿಲ್ಲ ಅಂತೀವಾ? ರಕ್ತಕ್ಕೆ ಹೊತ್ತು ಗೊತ್ತು ಇಲ್ವೇನ್ಲಾ?"

ಇತ್ತು. ಪುಸ್ತಕ ತೆಗೆದು ನೋಡಿದರೆ, ಹೊತ್ತು ನೋಡಿಕೊಂಡು ಏರಿಳಿಯುವ ಜೀನ್ ಅದು. ಅಷ್ಟು ಜನರಿಗೆ ಸೂಜಿ ಚುಚ್ಚಿ ನಾನು ಕಂಡುಹಿಡಿದದ್ದು ಗಡಿಯಾರವನ್ನು. ಆರ್ಮುಗಂ ಅಣ್ಣನ ಕೈಯಲ್ಲಿ ಒಂದು ಆಗಲೇ ಇತ್ತು. ಒಂದು ಗುಂಪು ಪೂರ್ತಿ ಬೆಳಿಗ್ಗೆ, ಇನ್ನೊಂದು ಪೂರ್ತಿ ಮಧ್ಯಾಹ್ನವಾದರೆ ಯಾವ ವಿಧಾನವೂ ಆ ಗಂಟು ಬಿಡಿಸಲಾರದು.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಎರಡು ದಿನ ಮುಚ್ಚಿಕೊಂಡೇ ಇದ್ದೆ. ಆಮೇಲೆ ಆರ್ಮುಗಂ ಅಣ್ಣನ ಹತ್ತಿರ ಹೋಗಿ ಹೇಳಿದೆ. ಅವರು ಕೆಮ್ಮಿ ಮುಗಿಸಿದರು.

"ನನ್ ಕೆಮ್ಮು ಮೂರ್ ಬೀದಿಗೆ ಕೇಳ್ತದೆ ತಂಬಿ, ನಿನ್ ಲೆಕ್ಕಕ್ಕೆ ಕೇಳ್ಲಿಲ್ವಾ? ಸರಿ, ಬೆಳಿಗ್ಗೇನೇ ಬಾ."

ಎಲ್ಲರದೂ ಬೆಳಿಗ್ಗೆ ತೆಗೆದಾಗ ಒಂದು ಜೀನೂ ಉಳಿಯಲಿಲ್ಲ. ಗೊತ್ತಾಗಲಿಲ್ಲ ಅಣ್ಣ ಎಂದೆ. ಗೊತ್ತಾಗದೆಯೇ ಹೋಗಿಬಿಟ್ಟರು. ಆ ಸಂಕಟ ನನಗೆ ಇವತ್ತಿಗೂ ಇದೆ.

ಈಗ ಮತ್ತೆ ಹೊಸದಾಗಿ ಶುರು. ಇವತ್ತು ಬೆಳಗಿನ ಸಾಲಿನಲ್ಲಿ ಮೊದಲು ಕೂತವರು ಅವರ ಹೆಂಡತಿ ಸೆಲ್ವಿ ಅಕ್ಕ. "ನೀವು ಗಣಿಗೆ ಇಳಿದವರಲ್ಲವಲ್ಲ ಅಕ್ಕ" ಎಂದೆ.

"ಇಳೀಲಿಲ್ಲ. ಅವರ ದೂಳು ಬಟ್ಟೆ ಅಷ್ಟು ವರ್ಷ ಒದರಿ ಒಗ್ದೋಳು ನಾನು. ನಂಗೂ ಕೆಮ್ಮು ಐತೆ, ಯಾರೂ ಕೇಳ್ಲಿಲ್ಲ. ನನ್ನ ಯಾವ ಗುಂಪಿಗೆ ಹಾಕ್ತೀಯ?"

ನನ್ನ ಹಾಳೆಯಲ್ಲಿದ್ದದ್ದು ಎರಡೇ ಕಾಲಂ: ಗಣಿಯವರು, ಗಣಿಯವರಲ್ಲದವರು. ಮೂರನೆಯದಕ್ಕೆ ಗೆರೆ ಎಳೆದು ಅಕ್ಕನ ಹೆಸರು ಬರೆದೆ.