ಕಿವಿಕತ್ತರಿ ದೊಡ್ಡಮ್ಮ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಬೇಕು. ಒಂಬತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟವಳು ನಾನು. ದೊಡ್ಡ ದೊಡ್ಡ ಮಾತು ಗೊತ್ತಿಲ್ಲ, ಗೊತ್ತಿರುವ ಮಾತೂ ಕೆಲವು ಸಲ ಸಾಲುವುದಿಲ್ಲ. ಇದು ನನ್ನ ದೊಡ್ಡಮ್ಮನ ವಿಷಯ. ನಾನು ಕಣ್ಣಾರೆ ನೋಡದಿದ್ದುದನ್ನು ಅವಳ ಬಾಯಿಂದಲೇ ಎರಡೆರಡು ಸಲ ಕೇಳಿ ಬರೆದಿದ್ದೇನೆ. ಅವಳು ಒಳ್ಳೆಯವಳೆಂದು ತೋರಲಿ ಅಂತ ಏನನ್ನೂ ಸೇರಿಸಿಲ್ಲ. ಸೇರಿಸಿದರೆ ಅವಳೇ ಬಯ್ಯುತ್ತಾಳೆ.

ಬಯ್ಯುವುದರಲ್ಲಿ ದೊಡ್ಡಮ್ಮನದು ಎತ್ತಿದ ಕೈ. ಇಪ್ಪತ್ತೆರಡು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದಳು. ಯಂತ್ರ ಬಂದ ವಾರವೇ ಆರು ಜನರನ್ನು ಮನೆಗೆ ಕಳಿಸಿದರು, ಆ ಆರರಲ್ಲಿ ಅವಳೂ ಒಬ್ಬಳು. ಅಂದಿನಿಂದ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ನಮ್ಮ ಮನೆಯಲ್ಲಿ, ತನ್ನ ತಂಗಿಯ, ಅಂದರೆ ನನ್ನ ಅಮ್ಮನ, ಸಂಸಾರದ ಜೊತೆ ಇದ್ದಾಳೆ. ಅಡುಗೆಮನೆಯ ಗೋಡೆಗೆ ಒತ್ತಿಕೊಂಡ ಮಂಚ ಅವಳದು. ಬೆಳಿಗ್ಗೆ ಎದ್ದರೆ ತಂಗಿಯ ಜೊತೆ ಜಗಳ, ಮಧ್ಯಾಹ್ನ ಕೆಳಗೆ ಟೈರ್ ಸುಡುವವನ ಜೊತೆ ಜಗಳ. ಸಂಜೆಗೆ ಯಾರೂ ಸಿಗದಿದ್ದರೆ ನಲ್ಲಿಯ ಜೊತೆ.

ವರ್ಷಕ್ಕೊಮ್ಮೆ ಹೊರದೇಶದಿಂದ ಏಳೆಂಟು ಜನ ಇಲ್ಲಿಗೆ ಬರುತ್ತಾರೆ. ತಮ್ಮ ಕೆಲಸಕ್ಕೆ ರಜೆ ಹಾಕಿ, ತಮ್ಮದೇ ಖರ್ಚಿನಲ್ಲಿ ಬಂದು, ಹಳೆಯ ಮರದ ಗೋದಾಮಿನಲ್ಲಿ ಮಡಚುವ ಮೇಜುಗಳನ್ನು ಹಾಕುತ್ತಾರೆ. ಹನ್ನೆರಡು ದಿನ ಬೀದಿ ನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿ ಹೋಗುತ್ತಾರೆ. ಮೊದಲ ವರ್ಷ ಅವರಲ್ಲೊಬ್ಬ ಹುಡುಗಿ ರಕ್ತದ ಬಟ್ಟೆಗೆ ಬಿಸಿನೀರು ಸುರಿಯುವುದನ್ನು ದೊಡ್ಡಮ್ಮ ದಾರಿಯಲ್ಲಿ ಹೋಗುತ್ತಾ ನೋಡಿದಳು. ಬಿಸಿನೀರು ಬಿದ್ದರೆ ರಕ್ತದ ಕಲೆ ಜನ್ಮಕ್ಕೂ ಹೋಗುವುದಿಲ್ಲ. "ಇವ್ರು ಡಾಕ್ಟರೋ ಅಡುಗೆಯೋರೋ" ಎನ್ನುತ್ತಾ ಒಳಗೆ ನುಗ್ಗಿ ಬಕೆಟ್ ಕಿತ್ತುಕೊಂಡಳು. ಆ ವರ್ಷ ಬಟ್ಟೆ ಒಗೆದಳು. ಮರುವರ್ಷ ಆಪರೇಷನ್ ಆದ ನಾಯಿಗಳ ಪಕ್ಕ ಕೂತು, ನಾಲಿಗೆ ಪಕ್ಕಕ್ಕೆ ಎಳೆದಿಟ್ಟು, ಅವು ತಲೆ ಎತ್ತುವವರೆಗೂ ಕಾದಳು. ಮೂರನೆಯ ವರ್ಷಕ್ಕೆ ಬಲೆ ಅವಳ ಕೈಗೆ ಬಂತು.

"ಸಂಬಳ ಇಲ್ಲ, ಒಂದು ಲೋಟ ಚಹಾ ಇಲ್ಲ," ಎಂದು ತಂಗಿ ಹಂಗಿಸಿದಳು. "ಊರ ನಾಯಿಗಳಿಗೆಲ್ಲ ಬಾಣಂತನ ಮಾಡೋಕೆ ಹೊರಟಿದ್ದಾಳೆ ಮಹಾತಾಯಿ."

"ಬಾಣಂತನ ಆಗ್ಬಾರ್ದು ಅಂತಲೇ ಕಣೇ ಹೋಗೋದು," ಎಂದಳು ದೊಡ್ಡಮ್ಮ.

ಆಪರೇಷನ್ ಆದ ನಾಯಿಯ ಎಡಗಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಅದೇ ಗುರುತು. ಅದಕ್ಕೇ ಬೀದಿಯವರು ದೊಡ್ಡಮ್ಮನಿಗೆ ಕಿವಿಕತ್ತರಿ ಎಂದು ಹೆಸರಿಟ್ಟರು. ಅವಳು ಬಲೆ ಹೆಗಲಿಗೆ ಹಾಕಿ ಹೊರಟರೆ ಬೇಕರಿ ಬೀದಿಯ ದರ್ಜಿ ತನ್ನ ಕಿವಿ ಮುಚ್ಚಿಕೊಳ್ಳುತ್ತಿದ್ದ, ಗಿರಾಕಿಗಳು ನಗುತ್ತಿದ್ದರು. ಬೇಕರಿಯವನು ಮಾತ್ರ ನಗುತ್ತಿರಲಿಲ್ಲ. ಹಿಂದಿನ ವರ್ಷ ಒಂದೇ ಬೆಳಿಗ್ಗೆ ಏಳು ನಾಯಿಗಳು ಚರಂಡಿಯ ಉದ್ದಕ್ಕೂ ನೊರೆ ಕಾರಿ ಸತ್ತು ಬಿದ್ದಿದ್ದವು. ಯಾರ ಅಂಗಡಿಯ ಬನ್ ತಿಂದು ಸತ್ತವೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ದೊಡ್ಡಮ್ಮ ಬಿಟ್ಟಳು. ಅವನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಬೈದಳು.

ಅವನು ತಣ್ಣಗೆ ಹೇಳಿದ: "ನೋಡಮ್ಮಾ, ಕಿವಿ ಕತ್ತರಿಸಿರೋ ನಾಯಿ ತಂಟೆಗೆ ನಾನು ಬರಲ್ಲ, ಬೇರೆಯವರನ್ನೂ ಬರೋಕೆ ಬಿಡಲ್ಲ. ಇಡೀ ಕಿವಿ ಇಟ್ಕೊಂಡು ನನ್ನ ಒಲೆ ಗೋಡೆ ಕೆಳಗೆ ಮರಿ ಹಾಕಿದ್ರೆ, ಹಳೇ ಬನ್ ಇನ್ನೂ ಇದೆ."

ಅದು ಒಪ್ಪಂದವಾಯಿತು. ಈ ವರ್ಷದ ಹನ್ನೆರಡು ದಿನಗಳಲ್ಲಿ ದೊಡ್ಡಮ್ಮ ಆ ಬೀದಿಯಿಂದಲೇ ನಲವತ್ತೊಂದು ನಾಯಿಗಳನ್ನು ಹಿಡಿದು ಕೊಟ್ಟಳು. ಎಲ್ಲಿಂದ ತಂದಳೋ ಅಲ್ಲಿಗೇ ಬಿಟ್ಟು ಬಂದಳು. ಬೇರೆ ಬೀದಿಗೆ ಬಿಟ್ಟರೆ ಅಲ್ಲಿಯ ನಾಯಿಗಳು ಸೀಳಿಹಾಕುತ್ತವೆ.

ಗೋದಾಮಿನೊಳಗೂ ಅವಳಿಗೆ ನೆಮ್ಮದಿ ಇರಲಿಲ್ಲ. ಹೊರದೇಶದ ಡಾಕ್ಟರಮ್ಮನ ಕ್ರಮ ಅವಳಿಗೆ ಹಿಡಿಸುತ್ತಿರಲಿಲ್ಲ. ಆ ಡಾಕ್ಟರಮ್ಮ ನಾಯಿಗೆ ಮಂಪರು ಹತ್ತಿದ ಕೂಡಲೇ ಮೊದಲು ಕಿವಿ ಕತ್ತರಿಸುತ್ತಿದ್ದಳು, ಆಮೇಲೆ ಹೊಟ್ಟೆ. ಬೇರೆಲ್ಲೋ ಒಮ್ಮೆ ಗುರುತು ಹಾಕಲು ಮರೆತು, ಒಂದೇ ನಾಯಿಯ ಹೊಟ್ಟೆಯನ್ನು ಎರಡು ಸಲ ಕೊಯ್ದಿದ್ದರಂತೆ. ದೊಡ್ಡಮ್ಮ ಔಷಧಿ ಅಂಗಡಿಯವರನ್ನು ಕರೆದಳು. ಎರಡೂ ಭಾಷೆ ಬಲ್ಲವರು ಅವರೊಬ್ಬರೇ, ಗೋದಾಮಿನ ಬೀಗದ ಕೈಯೂ ಅವರ ಹತ್ತಿರವೇ ಇತ್ತು.

"ಹೇಳಿ ಅವಳಿಗೆ, ಒಗೆಯೋ ಮುಂಚೆ ಯಾರಾದ್ರೂ ಬಟ್ಟೆ ಮಡಚಿ ಇಡ್ತಾರಾ ಅಂತ."

ಅವರು ಏನೋ ಹೇಳಿದರು. ಡಾಕ್ಟರಮ್ಮ ನಕ್ಕು ಏನೋ ಹೇಳಿದಳು.

"ನಿಮ್ಮ ಅನುಭವಕ್ಕೆ ಗೌರವ ಇದೆಯಂತೆ," ಎಂದರು ಅಂಗಡಿಯವರು.

"ಅಂದ್ರೆ ಬಾಯಿ ಮುಚ್ಕೋ ಅಂತ," ಎಂದು ದೊಡ್ಡಮ್ಮ ಬಕೆಟ್ ಎತ್ತಿಕೊಂಡು ಹೋದಳು. ಆದರೂ ನ್ಯಾಯವಾಗಿ ಹೇಳಬೇಕು, ಉಳುಕಿದ ಕಾಲಿಗೆ ಪಟ್ಟಿ ಸುತ್ತಿಕೊಂಡು ಆ ಡಾಕ್ಟರಮ್ಮ ದಿನಕ್ಕೆ ಹನ್ನೊಂದು ಗಂಟೆ ನಿಲ್ಲುತ್ತಿದ್ದಳು. ಇದನ್ನೂ ದೊಡ್ಡಮ್ಮನೇ ಹೇಳಿದ್ದು.

ಕೊನೆಯ ದಿನ, ಕೊನೆಯ, ನಲವತ್ತೊಂದನೆಯ ನಾಯಿ ಬೇಕರಿಯ ಕೆಂಪಿ. ಎರಡು ವರ್ಷದಲ್ಲಿ ಮೂರು ಸಲ ಒಲೆ ಗೋಡೆಯ ಕೆಳಗೆ ಮರಿ ಹಾಕಿದವಳು. ಬೇಕರಿಯವನು ಹೆಸರು ಹಿಡಿದು ಕೇಳಿದ್ದು ಇದೊಂದನ್ನೇ. ಮಂಪರು ಕೊಟ್ಟರು, ಕಿವಿ ಕತ್ತರಿಸಿದರು, ಹೊಟ್ಟೆ ಬೋಳಿಸಿದರು. ಚಾಕು ಇಡುವ ಮೊದಲೇ ಕೆಂಪಿಯ ಒಸಡು ಬಿಳಿಚಿಕೊಂಡಿತು, ಉಸಿರು ನಿಂತಿತು. ಡಾಕ್ಟರಮ್ಮ ಎದೆ ಒತ್ತಿದಳು, ಸೂಜಿ ಚುಚ್ಚಿದಳು. ಸ್ವಲ್ಪ ಹೊತ್ತಿಗೆ ಕೆಂಪಿ ಕೆಮ್ಮಿ ಉಸಿರೆಳೆದುಕೊಂಡಿತು. ಇವತ್ತು ಬೇಡ, ಮುಂದಿನ ವರ್ಷ ನೋಡೋಣ ಎಂದರು. ಅಷ್ಟು ಹೊತ್ತಿಗಾಗಲೇ ಅರ್ಧ ಪೆಟ್ಟಿಗೆಗಳಿಗೆ ಹಗ್ಗ ಬಿಗಿದಾಗಿತ್ತು. ಸಂಜೆ ಅವರ ಗಾಡಿ ಹೊರಟಿತು.

ಮರುದಿನ ದೊಡ್ಡಮ್ಮ ಕೆಂಪಿಯನ್ನು ಬೇಕರಿಯ ಮುಂದೆ ಬೋನಿನಿಂದ ಬಿಟ್ಟಳು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕೇಳಿದ: "ಆಯ್ತಾ ಇದಕ್ಕೆ?"

ಇಲ್ಲ ಎಂದರೆ ಕೆಂಪಿ ಆ ವಾರ ದಾಟುವುದಿಲ್ಲ. ದೊಡ್ಡಮ್ಮ ಅವನ ಮುಖ ನೋಡಿದಳು, ಕೆಂಪಿಯ ಕಿವಿ ನೋಡಿದಳು.

"ಆಯ್ತು," ಎಂದಳು.

ಸುಮ್ಮನೆ ಕೂರಲಿಲ್ಲ ಅವಳು. ಸರ್ಕಾರಿ ಪಶು ಆಸ್ಪತ್ರೆಗೆ ಎರಡು ಸಲ ಹೋದಳು. ಹೆಣ್ಣು ನಾಯಿಯ ಹೊಟ್ಟೆ ಕೊಯ್ಯಲು ಸಾಮಾನಿಲ್ಲ ಎಂದು ಎರಡು ಸಲವೂ ವಾಪಸ್ ಕಳಿಸಿದರು. ಕೆಂಪಿಗೆ ಬೆದೆ ಬಂದಾಗ ನಮ್ಮ ಮೆಟ್ಟಿಲ ಕೆಳಗೆ ಕಟ್ಟಿಹಾಕಿದಳು. ಐದನೆಯ ದಿನ ಅದು ಹಗ್ಗ ಕಡಿದುಕೊಂಡು ಓಡಿತು.

ಕ್ಯಾಂಪ್ ಮುಗಿದ ಆರನೆಯ ತಿಂಗಳು ಬೇಕರಿಯ ಒಲೆ ಗೋಡೆಯ ಕೆಳಗೆ ಐದು ಮರಿಗಳು ಕಣ್ಣು ಮುಚ್ಚಿಕೊಂಡು ಮಲಗಿದ್ದವು.

ಬೇಕರಿಯವನು ಕೂಗಾಡಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಕರೆದು ತೋರಿಸಿದ. "ಕಿವಿ ನೋಡಿ. ಹೊಟ್ಟೆ ನೋಡಿ. ಹೊರದೇಶದೋರು ಬಂದು ಕಿವಿ ಕತ್ತರಿಸಿ, ಫೋಟೋ ಹಿಡ್ಕೊಂಡು ಹೋದ್ರು. ನಲವತ್ತಕ್ಕೂ ಮಾಡಿದ್ದು ಇದೇ. ನಾನಿನ್ನು ಯಾವ ಕಿವೀನೂ ನೋಡಲ್ಲ." ಮೂರು ದಿನಕ್ಕೆ ಬೀದಿಯೆಲ್ಲ ಅದೇ ಮಾತು ಆಡತೊಡಗಿತು.

ಔಷಧಿ ಅಂಗಡಿಯವರು ದೊಡ್ಡಮ್ಮನಿಗೆ ಹೇಳಿಕಳಿಸಿ ಬುದ್ಧಿ ಹೇಳಿದರು: "ಡಾಕ್ಟರ್ ತಪ್ಪು ಅನ್ನಿ. ಸಮುದ್ರದ ಆಚೆ ಇರೋಳಿಗೆ ಏನು ನಷ್ಟ? ಇಲ್ಲಿ ಬದುಕಬೇಕಾದೋರು ನೀವು."

"ಅವಳ ಕೆಲಸ ಸುಳ್ಳು ಅಂದ್ರೆ ನಲವತ್ತೂ ಸುಳ್ಳಾಗ್ತವೆ. ನಲವತ್ತೂ ಸಾಯ್ತವೆ."

"ನಿಮ್ಮಿಷ್ಟ. ಆಮೇಲೆ ಗೋದಾಮು ಗೀದಾಮು ಅಂತ ನನ್ನ ಹತ್ರ ಬರಬೇಡಿ."

ಮರುದಿನ ಬೆಳಿಗ್ಗೆ ಬೇಕರಿ ತುಂಬಿದ್ದಾಗ ದೊಡ್ಡಮ್ಮ ಹೋದಳು. ದರ್ಜಿಯ ಮೆಷಿನ್ ಕೆಳಗೆ ಮಲಗಿದ್ದ ಕಪ್ಪು ನಾಯಿಯನ್ನು ಎತ್ತಿ ತಂದು, ಬೇಕರಿಯ ಮೆಟ್ಟಿಲ ಮೇಲೆ ಅಂಗಾತ ಮಲಗಿಸಿದಳು.

"ಏಯ್, ಗಿರಾಕಿ ಬರೋ ಹೊತ್ತು ಇದು," ಎಂದ ಬೇಕರಿಯವನು.

"ಬರಲಿ, ಅವರೂ ನೋಡಲಿ." ಅವಳು ಹೊಟ್ಟೆಯ ಕೂದಲನ್ನು ಎರಡು ಬೆರಳಿನಿಂದ ಬಿಡಿಸಿದಳು. "ದರ್ಜಿ, ನೀನು ಹೊಲಿಗೆ ಬಲ್ಲೋನು. ಇದೇನು ಹೇಳು."

ದರ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. "ಕೊಯ್ದು ಹೊಲಿದ ಗೆರೆ. ನೀಟಾಗಿದೆ. ನನ್ನ ಹತ್ರ ಇರೋ ಹುಡುಗರಿಗೆ ಬರಲ್ಲ ಇಂಥದು."

"ಒಂದು ನಾಯಿ ತೋರಿಸಿ ನಲವತ್ತು ಅಂತೀಯಾ?" ಎಂದ ಬೇಕರಿಯವನು.

ಅವಳು ಇನ್ನೊಂದನ್ನು ತಂದಳು, ಮತ್ತೊಂದನ್ನು ತಂದಳು. ಯಾವುದನ್ನು ತರಬೇಕೆಂದು ಬೇಕರಿಯವನೇ ಬೆರಳು ತೋರಿಸತೊಡಗಿದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಒಂಬತ್ತು ಹೆಣ್ಣು ನಾಯಿಗಳು ಮೆಟ್ಟಿಲ ಮೇಲೆ ಮಲಗಿ ಎದ್ದಿದ್ದವು, ಒಂಬತ್ತಕ್ಕೂ ಗೆರೆ ಇತ್ತು. ಏಳನೆಯದು ಅವಳ ಮುಂಗೈ ಕಚ್ಚಿತು. ಸೆರಗಿನಿಂದ ರಕ್ತ ಒರೆಸಿಕೊಂಡು ಎಂಟನೆಯದಕ್ಕೆ ಹೋದಳು. ಯಾರೂ ನೀರು ಕೊಡಲಿಲ್ಲ.

ಕಡೆಗೆ ಅವಳು ಒಲೆ ಗೋಡೆಯ ಹತ್ತಿರ ಕೂತು, ಮರಿಗಳಿಗೆ ಹಾಲು ಕೊಡುತ್ತಿದ್ದ ಕೆಂಪಿಯ ಹೊಟ್ಟೆ ತೋರಿಸಿದಳು. "ಇಲ್ಲಿ ಗೆರೆ ಇಲ್ಲ. ಕಿವಿ ಕತ್ತರಿಸಿದ ಮೇಲೆ ಉಸಿರು ನಿಂತುಹೋಯ್ತು. ಡಾಕ್ಟರು ಕೊಯ್ಯಲೇ ಇಲ್ಲ, ಆಗಿಲ್ಲ ಅಂತಲೂ ಹೇಳಿದ್ರು. ನನಗೆ ಗೊತ್ತಿತ್ತು. ಆಯ್ತು ಅಂತ ನಿನಗೆ ಸುಳ್ಳು ಹೇಳಿದ್ದು ನಾನು. ಮಿಕ್ಕ ನಲವತ್ತು ನಿಜ."

ಬೇಕರಿಯವನು ಬಗ್ಗಿ ಕೆಂಪಿಯ ಹೊಟ್ಟೆ ನೋಡಿದ. ನಿಂತಿದ್ದವರಲ್ಲಿ ಯಾರೋ "ಥೂ" ಎಂದರು.

"ಆಯ್ತು, ನಲವತ್ತು ಇರಲಿ," ಎಂದ ಅವನು. "ಕೊಟ್ಟ ಮಾತು ನಾನು ಮುರಿಯಲ್ಲ, ನಿನ್ನ ಹಾಗೆ ಸುಳ್ಳು ಹೇಳೋನಲ್ಲ. ಇವಳೂ ಮರಿಗಳೂ ನಾಳೆ ನಾನು ಒಲೆ ಹಚ್ಚೋ ಹೊತ್ತಿಗೆ ಇಲ್ಲಿರಬಾರದು. ಇದ್ರೆ ಏನಾಗುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ. ನಾಳೆ ಆದ್ಮೇಲೆ ನೀನೂ ಬಲೆ ಹಿಡ್ಕೊಂಡು ಈ ಬೀದಿಗೆ ಕಾಲಿಡಬೇಡ."

"ನಿನ್ನ ಬನ್ ತಿನ್ನೋಕೆ ನಾನೇನೂ ಬಾಯಿ ಬಿಡ್ತಿಲ್ಲ," ಎಂದು ದೊಡ್ಡಮ್ಮ ಎದ್ದು ಬಂದಳು. ಬೀದಿ ದಾಟುವಾಗ ದರ್ಜಿ ಕಿವಿ ಮುಚ್ಚಿಕೊಳ್ಳಲಿಲ್ಲ, ಮುಖ ತಿರುಗಿಸಿಕೊಂಡ. ಅದಕ್ಕಿಂತ ಕಿವಿ ಮುಚ್ಚಿಕೊಳ್ಳುತ್ತಿದ್ದುದೇ ವಾಸಿಯಾಗಿತ್ತು ಎಂದು ಅವಳು ಆಮೇಲೆ ಹೇಳಿದಳು.

ಕಚ್ಚಿದ ಗಾಯಕ್ಕೆ ಸೂಜಿ ಹಾಕಿಸಿಕೊಂಡು ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಆಗಲೇ ಮೆಟ್ಟಿಲು ಹತ್ತಿ ಬಂದಿತ್ತು.

"ಮಾನ ಮರ್ಯಾದೆ ಎಲ್ಲ ಬೀದಿಲಿ ಕಳ್ಕೊಂಡು ಬಂದ್ಯಾ?"

"ಕಳ್ಕೊಂಡೆ. ಗೋದಾಮೂ ಹೋಯ್ತು. ಆರು ಜೀವಕ್ಕೆ ಜಾಗ ಬೇಕು."

"ನನ್ನ ಹತ್ರ ಎಲ್ಲಿದೆ ಜಾಗ?" ತಂಗಿ ಒಳಗೆ ಹೋಗಿ ಪಾತ್ರೆಯನ್ನು ಕುಕ್ಕಿದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಮೆಟ್ಟಿಲ ಕೆಳಗೆ ಇರಲಿ. ಟೈರಿನವನು ಏನಾದ್ರೂ ಅಂದ್ರೆ ನಾನು ಮಾತಾಡ್ತೀನಿ. ಒಂದು ಮರಿ ನನ್ನ ಅಡುಗೆಮನೆಗೆ ಬಂದ್ರೂ ನಿನ್ನನ್ನೂ ಸೇರಿಸಿ ಆಚೆ ಹಾಕ್ತೀನಿ."

ದೊಡ್ಡಮ್ಮ ಈಗ ಮಂಚದ ಮೇಲೆ ಕೂತು, ನಾಯಿ ಕಚ್ಚದ ಕೈಯಿಂದ ಬೋನಿನ ಚಿಲಕ ಸರಿಮಾಡುತ್ತಿದ್ದಾಳೆ. ನಾಳೆ ಬೆಳಿಗ್ಗೆ ನಾಲ್ಕೂವರೆಗೆ, ಬೇಕರಿಯವನು ಒಲೆ ಹಚ್ಚುವ ಮೊದಲೇ ಹೋಗಿ, ಕೆಂಪಿಯನ್ನೂ ಐದು ಮರಿಗಳನ್ನೂ ಇಲ್ಲಿಗೆ ತರುತ್ತಾಳೆ.