ಕೋಟೆಗೆ ಹೋಗುವ ದಾರಿಯಲ್ಲಿ ಹಿತುಕಿದ ಕಾಳು

ಇಟಲಿಯ ಈ ಹಳೇ ಬೆಟ್ಟದೂರಿನ ಮಗಳ ಮನೆಗೆ ಬಂದಾಗಿನಿಂದ, ಈ ದೇಶದಲ್ಲೇ ಹುಟ್ಟಿದ ಮೊಮ್ಮಗಳು ನನ್ನ ಹತ್ತಿರವೇ ಸುಳಿದಿರಲಿಲ್ಲ. ಇವತ್ತು ಅವರಿಬ್ಬರ ಜೊತೆ ಕೋಟೆ ನೋಡಲು ಕಲ್ಲುಮೆಟ್ಟಿಲು ಹತ್ತಿ ಹತ್ತಿ ಮಂಡಿ ಸೋತು, ಯಾರದೋ ಮನೆ ಬಾಗಿಲಲ್ಲಿ ಕೂತುಬಿಟ್ಟೆ. ಅಲ್ಲೊಬ್ಬ ಮುದುಕಿ ಬಿಸಿನೀರಲ್ಲಿ ನೆನೆಸಿದ ಕಾಳಿನ ಸಿಪ್ಪೆಯನ್ನು ಉಗುರಲ್ಲಿ ಸುಲಿಯುತ್ತಿದ್ದಳು. ನಮ್ಮ ಪಿರಿಯಾಪಟ್ಟಣದ ಅವರೆಗಿಂತ ದಪ್ಪ ಕಾಳು. ಕೈ ಸುಮ್ಮನಿರಲಿಲ್ಲ, ನಾನೂ ಹಿತುಕತೊಡಗಿದೆ.

“ಅವ್ವಾ, ಇಲ್ಲಿಗ್ ಬಂದ್ರೂ ಅವರೆಕಾಳ್ ಬುಡಾಕಿಲ್ವಾ?” ಎಂದು ಮಗಳು ನಕ್ಕಳು.

ಅಷ್ಟರಲ್ಲಿ ಒಂದು ಕಾಳು ಚಿಮ್ಮಿ ಮೊಮ್ಮಗಳ ಮೂಗಿಗೆ ಬಡಿಯಿತು. ಅತ್ತೇಬಿಡುತ್ತಾಳೆ ಅಂದುಕೊಂಡೆ. ಅವಳು ಕಿಲಕಿಲ ನಕ್ಕು, “ಅಜ್ಜೀ, ಇನ್ನೊಂದು!” ಎನ್ನುತ್ತಾ ಬಂದು ನನ್ನ ತೊಡೆಯೇರಿದಳು. ನನ್ನ ಹಿಗ್ಗು ಯಾರಿಗೆ ಹೇಳಲಿ!

“ಏಳವ್ವ, ಕೋಟೆ ಇನ್ನೂ ಮ್ಯಾಲದೆ.”

“ನೀನೇ ನೋಡ್ಕೊಂಡ್ ಬಾ ಓಗು.”

ಕಾಲು ಜೋಮು ಹಿಡಿದಿತ್ತು. ಅಲ್ಲಾಡದೆ ಇನ್ನೊಂದು ಕಾಳು ಹಿತುಕಿದೆ.