ಚೆಂಡಿನ ಹಿಂದಿನ ಜೇಕು

ಕಡಿಮೆ ಹೊಡೆದವನೇ ಗೆಲ್ಲುತ್ತಾನೆ ಎಂಬ ಮಾತನ್ನು ಮೊದಲ ದಿನ ನಾನು ನಂಬಲಿಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಲ್ಲಿಂದ ಮುಂದೆ ನನಗೆ ಬಂದದ್ದೆಲ್ಲ ಹೆಚ್ಚು ಹೊಡೆದದ್ದರಿಂದಲೇ ಬಂದದ್ದು. ಹೆಚ್ಚು ಗುದ್ದಲಿ ಹೊಡೆದೆ, ಹೆಚ್ಚು ಕಲ್ಲು ಒಡೆದೆ, ಆಮೇಲೆ ಸ್ವಂತ ಟ್ರ್ಯಾಕ್ಟರ್ ತೆಗೆದುಕೊಂಡು ಊರೂರು ತಿರುಗಿ ಹೊಲ ಸಮ ಮಾಡಿದೆ. ಬೀಳಗಿಯ ಕಡೆ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಹೊಸ ಜಾಗಗಳನ್ನು ಹದ ಮಾಡಿದೆ. ಚಿಮ್ಮಡ, ಹುನ್ನೂರಿನ ಕಬ್ಬಿನ ಹೊಲಗಳಲ್ಲಿ ನೀರು ಎಲ್ಲೂ ನಿಲ್ಲದೆ ತುದಿ ಮುಟ್ಟುವಂತೆ ಇಳುಕಲು ಕೊಟ್ಟೆ. ಕಣ್ಣಳತೆಯಲ್ಲಿ ನನ್ನನ್ನು ಮೀರಿಸುವವರು ಈ ಭಾಗದಲ್ಲಿ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಯಾರನ್ನು ಬೇಕಾದರೂ ಕೇಳಿ.

ಮುಧೋಳ ಮತ್ತು ಜಮಖಂಡಿಯ ನಡುವಿನ ಒಂದು ಸಕ್ಕರೆ ಕಾರ್ಖಾನೆಯ ದೊಡ್ಡ ಸಾಹೇಬರು ನನ್ನನ್ನು ಕರೆಸಿದ್ದು ಅದಕ್ಕೇ. ಅವರು ಮಿಲಿಟರಿಯಲ್ಲಿ ಇದ್ದು ಬಂದವರು, ಧಾರವಾಡದ ಕಡೆಯವರು. ಕಾರ್ಖಾನೆಯ ಕಾಲೋನಿಯ ಹಿಂದೆ ಗರಸು ಕಲ್ಲಿನ ಪಾಳು ಭೂಮಿ ಬಿದ್ದಿತ್ತು. ಅಲ್ಲಿ ಗಾಲ್ಫ್ ಆಡುವ ನೆಲ ಮಾಡಬೇಕು, ಆರು ಕುಳಿಯದು ಸಾಕು ಎಂದರು. ಗಾಲ್ಫ್ ಎಂದರೆ ನನಗೆ ಟಿವಿಯಲ್ಲಿ ಚಾನೆಲ್ ದಾಟಿಸುವಾಗ ಕಂಡ ಹಸಿರು, ಅಷ್ಟೆ. ಆದರೂ ನನ್ನಿಂದಾಗದು ಎಂದು ಬಾಯಲ್ಲಿ ಬರಲಿಲ್ಲ. ಆ ಮಾತನ್ನು ನಾನು ಯಾರಿಗೂ ಯಾವತ್ತೂ ಹೇಳಿದವನಲ್ಲ.

ಒಂದು ವರ್ಷ ಹಿಡಿಯಿತು. ಕಲ್ಲು ಆರಿಸಿದೆ, ಹೊಳೆಯ ದಂಡೆಯ ಮಣ್ಣು ಹಾಕಿಸಿದೆ, ಹುಲ್ಲಿನ ಬೇರನ್ನು ಗೇಣಿಗೊಂದರಂತೆ ನಾನೇ ಕೂತು ನಾಟಿದೆ. ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗಗಳನ್ನು ಹಲಗೆಯಂತೆ ಸಮ ಮಾಡಿಟ್ಟು ಸಾಹೇಬರಿಗೆ ತೋರಿಸಿದೆ. ಅವರು ನಕ್ಕು, ಕೆಡಿಸು ಎಂದರು. ಚೆಂಡು ಎತ್ತ ಹೊರಳುತ್ತದೆಂದು ಮೊದಲೇ ಗೊತ್ತಾದರೆ ಅದು ಆಟವೇ ಅಲ್ಲವಂತೆ. ಮಾಡಿದ ಕೆಲಸವನ್ನು ಕೈಯಾರೆ ಕೆಡಿಸಿದ್ದು ಅದೇ ಮೊದಲು. ಎರಡು ದಿನ ಊಟ ಸೇರಲಿಲ್ಲ.

ನೆಲ ತಯಾರಾಯಿತು. ಅದನ್ನು ಕಾಯುವ ಕೆಲಸವೂ ನನಗೇ ಎಂದು ನಾನು ತಿಳಿದುಕೊಂಡಿದ್ದೆ. ನಾನು ಹುಟ್ಟಿಸಿದ ನೆಲ, ಇನ್ನೊಬ್ಬನ ಕೈಗೆ ಹೇಗೆ ಹೋದೀತು? ಆದರೆ ಕಬ್ಬಿನ ವ್ಯವಹಾರ ನೋಡುವ ಕಿರಿಯ ಸಾಹೇಬರೊಬ್ಬರಿದ್ದರು. ಅವರು ನನ್ನೆದುರಿಗೇ ದೊಡ್ಡ ಸಾಹೇಬರಿಗೆ ಹೇಳಿದರು.

"ನೆಲ ಮಾಡಾವ ಬ್ಯಾರೆ, ಕಾಯಾವ ಬ್ಯಾರೆ ರೀ. ಆಟ ಗೊತ್ತಿಲ್ಲದಾವ ಹುಲ್ಲು ಎಷ್ಟ ಕೊಯ್ಯಬೇಕಂತ ಹೆಂಗ ತಿಳಕೊತಾನ? ಬೆಳಗಾವಿಯಾಗ ಒಬ್ಬ ಅದಾನ, ಕರಸೋಣು."

ದೊಡ್ಡ ಸಾಹೇಬರು ಒಂದು ದಾರಿ ಹೇಳಿದರು. ಎರಡು ತಿಂಗಳು ತಾವೇ ಆಟ ಕಲಿಸುತ್ತಾರೆ. ಆಮೇಲೆ ಒಂದು ರವಿವಾರ ಅವರಿಬ್ಬರ ಜೊತೆ ನಾನು ಆಡಬೇಕು. ಆರೂ ಕುಳಿಗೆ ಸೇರಿ ನನ್ನ ಹೊಡೆತ ಮೂವತ್ತಾರು ಮೀರದಿದ್ದರೆ ನೆಲ ನನ್ನ ಕೈಯಲ್ಲಿ. ಮೀರಿದರೆ ಬೆಳಗಾವಿಯವನು. ನಾನು ಆಗಲಿ ಎಂದೆ.

ಕೋಲು ಹಿಡಿದ ಮೊದಲ ಮುಂಜಾನೆ ನಾನು ಚೆಂಡಿನ ಹಿಂದಿನ ನೆಲವನ್ನೇ ಹೆಂಟೆ ಎತ್ತಿದೆ. ಎರಡನೇ ಸಲ ಗಾಳಿ ಹೊಡೆದೆ. ಮೂರನೆಯದಕ್ಕೆ ಚೆಂಡು ನಾಲ್ಕು ಮಾರು ಹೊರಳಿ ನಿಂತಿತು. ಕಿರಿಯ ಸಾಹೇಬರು ಚಹಾ ಕುಡಿಯುತ್ತ ನೋಡುತ್ತಿದ್ದರು.

"ಹಾವು ಹೊಡ್ಯಾಕತ್ತೀಯೇನೊ ಮಾರಾಯ? ಅದು ಯಾವಾಗೋ ಹೋತು."

ಸಿಟ್ಟಿಗೆ ಇನ್ನೂ ಬಲವಾಗಿ ಹೊಡೆದೆ, ಇನ್ನೂ ಕೆಟ್ಟಿತು. ಈ ಆಟದಲ್ಲಿ ಸಿಟ್ಟಿಗೆ ಕೂಲಿ ಇಲ್ಲ. ದೊಡ್ಡ ಸಾಹೇಬರು ನನ್ನ ಬೆರಳುಗಳನ್ನು ಬಿಡಿಸಿ ಮತ್ತೆ ಕೂಡಿಸಿದರು. "ಎಮ್ಮಿ ಹಿಂಡ್ತೀಯಿಲ್ಲೊ? ಹಂಗ ಹಿಡಿ. ಜಾರಬಾರದು, ಅದಕ್ಕ ನೋಯಲೂಬಾರದು" ಎಂದರು. ಅದು ಬೇಗ ತಲೆಗೆ ಹೋಯಿತು. ಹೋಗದ್ದು ಸುಮ್ಮನೆ ನಿಲ್ಲುವುದು. ಕಾಲೂರಿ ನಿಂತು, ಚೆಂಡಿನ ಮೇಲೆ ಕಣ್ಣಿಟ್ಟು, ಉಸಿರು ಬಿಟ್ಟು, ಆಮೇಲೆ ಕೋಲು ಎತ್ತಬೇಕು. ಕೋಲಿನ ಭಾರವೇ ಹೊಡೆಯಬೇಕು, ತೋಳಲ್ಲ. ನನಗೋ ನಿಂತರೆ ಕಾಲಲ್ಲಿ ಇರುವೆ ಹರಿದಂತಾಗುತ್ತಿತ್ತು. ಅಲ್ಲೊಂದು ಪೈಪು ಸೋರುತ್ತಿದೆ, ಇಲ್ಲೊಂದು ಹುಲ್ಲು ಹಳದಿಯಾಗಿದೆ ಎಂದು ಕಣ್ಣು ಓಡುತ್ತಿತ್ತು. ಮನೆಯಲ್ಲಿ ಕಬ್ಬಿನ ಗಳ ಹಿಡಿದು ಎಮ್ಮೆಯ ಮುಂದೆ ಬೀಸುತ್ತಿದ್ದೆ. ಎಮ್ಮೆಯೂ ಬೇಸತ್ತಿತು.

ನಿಯಮಗಳು ಒಂದೊಂದಾಗಿ ತಿಳಿದವು. ದೂರಕ್ಕೆ ಒಂದು ಕೋಲು, ಹತ್ತಿರಕ್ಕೆ ಒಂದು, ನುಣುಪು ಹುಲ್ಲಿನಲ್ಲಿ ಹೊರಳಿಸಲು ಇನ್ನೊಂದು. ಗಾಳಿ ಹೊಡೆದರೂ ಅದು ಒಂದು ಹೊಡೆತವೇ. ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕು, ಸರಿಸಬಾರದು. ತನ್ನ ಹೊಡೆತವನ್ನು ತಾನೇ ಎಣಿಸಬೇಕು. ತೀರ್ಪು ಹೇಳುವ ಪಂಚರಿಲ್ಲ, ಸೀಟಿ ಊದುವವರಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಯನ್ನು ಎರಡೆರಡು ಸಲ ತೂಗುವ ಮಂದಿ ಆಟದಲ್ಲಿ ಬಾಯಿಮಾತನ್ನು ನಂಬುತ್ತಾರಲ್ಲ ಎಂದು ನನಗೆ ಆಶ್ಚರ್ಯ.

ಆ ರವಿವಾರ ಬಂತು. ಮೊದಲ ಕುಳಿಗೆ ಏಳು ಹೊಡೆತ ತಗುಲಿದವು. ಎರಡನೆಯದಕ್ಕೆ ಐದು. ಐದು ಕುಳಿ ಮುಗಿಯುವಾಗ ಇಪ್ಪತ್ತೊಂಬತ್ತು. ಉಳಿದದ್ದು ಒಂದು ಕುಳಿ, ಏಳು ಹೊಡೆತ. ನಾಲ್ಕನೆಯ ಹೊಡೆತಕ್ಕೆ ಚೆಂಡು ದಾರಿ ಬಿಟ್ಟು ಬದಿಯ ಹುಲ್ಲಿಗೆ ಹೋಯಿತು. ಅವರಿಬ್ಬರೂ ತಮ್ಮ ಚೆಂಡುಗಳ ಹತ್ತಿರ ಮುಂದೆ ಇದ್ದರು. ನಾನು ಹೋಗಿ ನಿಂತೆ, ಹೊಡೆದೆ, ಚೆಂಡು ಎದ್ದು ಹೋಗಿ ನುಣುಪಿನ ಮೇಲೆ ಕೂತಿತು. ಇನ್ನೆರಡು ಹೊಡೆತಕ್ಕೆ ಕುಳಿಗೆ ಬಿತ್ತು. ಮೂವತ್ತಾರು. ದೊಡ್ಡ ಸಾಹೇಬರು ಬೆನ್ನು ಚಪ್ಪರಿಸಿದರು. ಕಿರಿಯ ಸಾಹೇಬರು ಎರಡು ಸಲ ಕೂಡಿಸಿ ನೋಡಿ, ಸರಿ ಅದ ಎಂದರು.

ಹತ್ತು ದಿನ ರಾಜನಂತೆ ಇದ್ದೆ. ಹನ್ನೊಂದನೆಯ ದಿನ ದೊಡ್ಡ ಸಾಹೇಬರು ಹೊಸದಾಗಿ ಬಂದ ಒಬ್ಬ ಇಂಜಿನಿಯರನಿಗೆ ಆಟ ಹೇಳಿಕೊಡುತ್ತಿದ್ದರು. ನಾನು ಅಲ್ಲೇ ನೀರು ಬಿಡುತ್ತಿದ್ದೆ.

"ಚೆಂಡಿನ ಹಂತ್ಯಾಕ ಒಣ ಎಲಿ, ಕಡ್ಡಿ ಇದ್ರ ತಗಿ. ನೆಲದಾಗ ಬೇರ ಊರಿದ್ದನ್ನ ಮಾತ್ರ ಮುಟ್ಟಬ್ಯಾಡ. ಕಿತ್ತಿ ಅಂದ್ರ ಎರಡ ಹೊಡೆತ ಕೂಡ್ತಾವ."

ಆ ಕೊನೆಯ ಕುಳಿ ಕಣ್ಣಿಗೆ ಬಂತು. ಚೆಂಡಿನ ಹಿಂದೆ ಒಂದು ಜೇಕು ಎದ್ದಿತ್ತು. ಜೇಕಿನ ಹುಲ್ಲು ನಮ್ಮ ಕಬ್ಬಿನ ಹೊಲಗಳ ಪೀಡೆ. ಒಂದು ಬಿಟ್ಟರೆ ನೂರಾಗುತ್ತದೆ. ಅದನ್ನು ಕಂಡಲ್ಲಿ ಬಗ್ಗಿ, ಬೆರಳು ಮಣ್ಣಿಗಿಳಿಸಿ, ಗಡ್ಡೆಸಹಿತ ಕೀಳುವುದು ನಾನು ಯೋಚಿಸಿ ಮಾಡುವ ಕೆಲಸವಲ್ಲ. ಅಂದೂ ಕಿತ್ತಿದ್ದೆ. ಕಿತ್ತು ಜೇಬಿಗೆ ಹಾಕಿಕೊಂಡು, ಆಮೇಲೆ ಚೆಂಡು ಹೊಡೆದಿದ್ದೆ.

ನಾಲ್ಕು ದಿನ ಕೂತಲ್ಲಿ ಕೂರಲಾಗಲಿಲ್ಲ. ಯಾರೂ ನೋಡಿಲ್ಲ. ಸಾಹೇಬರು ಇದನ್ನು ನನಗೆ ಹೇಳಿಕೊಟ್ಟೂ ಇರಲಿಲ್ಲ. ಕಸ ಕೀಳುವವನೇ ನೆಲ ಕಾಯಬೇಕಲ್ಲವೆ? ಎಲ್ಲವೂ ನನ್ನ ಪರವೇ. ಆದರೂ ಮೂವತ್ತಾರು ಎಂಬ ಅಂಕಿ ನೆನಪಾದಾಗಲೆಲ್ಲ ಹಲ್ಲಿನಲ್ಲಿ ಹರಳು ಸಿಕ್ಕಂತೆ ಆಗುತ್ತಿತ್ತು. ಮುಟ್ಟಿದ ಕೆಲಸ ಮುಗಿಯಲಿಲ್ಲ, ಹುಲ್ಲು ಕೊಯ್ಯುವ ಯಂತ್ರವನ್ನು ಒಂದೇ ಸಾಲಿನಲ್ಲಿ ಎರಡು ಸಲ ಓಡಿಸಿದೆ. ರೊಟ್ಟಿ ಮುರಿದು ಸುಮ್ಮನೆ ಕೂತದ್ದನ್ನು ನೋಡಿ ಹೆಂಡತಿ ಕೇಳಿದಳು. ಹೇಳಿದೆ.

"ಕಸ ಕಿತ್ತದ್ದು ತಪ್ಪಂತ ಯಾವ ದೇಶದಾಗ ಐತ್ರಿ? ಸುಮ್ಮ ಉಣ್ರಿ" ಎಂದಳು.

ಮರುದಿನ ದೊಡ್ಡ ಸಾಹೇಬರ ಬಂಗಲೆಗೆ ಹೋಗಿ ನಿಂತುಕೊಂಡೇ ಹೇಳಿದೆ. "ಸಾಹೇಬ್ರ, ನನ್ನವು ಮೂವತ್ತಾರಲ್ರಿ. ಮೂವತ್ತೆಂಟು."

ಜೇಕಿನ ವಿಷಯ ಕೇಳಿ ಅವರು ಕನ್ನಡಕ ತೆಗೆದಿಟ್ಟರು. ಹೇಳಿಕೊಡದೆ ಇದ್ದದ್ದು ತಮ್ಮ ತಪ್ಪು, ಆದರೆ ಹೊಡೆತ ಹೊಡೆತವೇ ಎಂದರು. ಬರುವ ರವಿವಾರ ಇನ್ನೊಮ್ಮೆ ಆಡು, ಅದೇ ಮೂವತ್ತಾರು. ನನಗೂ ಅದೇ ಬೇಕಿತ್ತು. ದಯೆ ತೋರಿಸಿ ಇಟ್ಟುಕೊಂಡಿದ್ದರೆ ನಾನು ಉಳಿಯುತ್ತಿರಲಿಲ್ಲ.

ಎರಡನೆಯ ಸಲ ನಲವತ್ತೊಂದು. ಗಾಳಿ ಇರಲಿಲ್ಲ, ಬಿಸಿಲು ಇರಲಿಲ್ಲ, ನೆವ ಹೇಳಲು ಏನೂ ಇರಲಿಲ್ಲ. ಪ್ರತಿ ಸಲ ಚೆಂಡಿನ ಹತ್ತಿರ, ಕಸ ಕೀಳಲು ಹೋಗದಿರಲೆಂದು, ಎಡಗೈಯನ್ನು ಮುಷ್ಟಿ ಕಟ್ಟಿ ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲುತ್ತಿದ್ದೆ. ಹೊಡೆಯಲು ಬಿಡಿಸಿದಾಗ ಅದು ಮರಗಟ್ಟಿರುತ್ತಿತ್ತು. ಮುಗಿದ ಮೇಲೆ ಕಿರಿಯ ಸಾಹೇಬರು ಕುಚೋದ್ಯದ ಮಾತು ಆಡುತ್ತಾರೆಂದು ಕಾದೆ. ಅವರು ಟೋಪಿ ತೆಗೆದು ಕೈ ಕುಲುಕಿದರು. ಆಟ ಮುಗಿದ ಮೇಲೆ ಹಾಗೆ ಮಾಡುವುದು ರೂಢಿ. ಹಾವಿನ ಮಾತೇ ಇದಕ್ಕಿಂತ ಮೇಲಿತ್ತು.

ಬೆಳಗಾವಿಯವನು ಬಂದ. ಅವನ ಕೈಕೆಳಗೆ ಇರು, ಪಗಾರ ಈಗಿನಷ್ಟೇ ಕೊಡುತ್ತೇವೆ ಎಂದು ದೊಡ್ಡ ಸಾಹೇಬರು ಹೇಳಿ ನೋಡಿದರು. ಒಲ್ಲೆ ಎಂದೆ. ಅವನಿಗೆ ಅರ್ಧ ದಿನ ನೆಲವನ್ನೆಲ್ಲ ತೋರಿಸಿದೆ, ಯಾವ ಪೈಪು ಎಲ್ಲಿ ಜೋಡಿಸಿದೆ, ಯಾವ ಮೂಲೆಯಲ್ಲಿ ಗರಸು ಮೇಲೆ ಬರುತ್ತದೆ ಎಂದು. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು.

ಮುಂದಿನ ವಾರ ತುಬಚಿಯಲ್ಲಿ ಒಂದು ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದೆ. ಏತ ನೀರಾವರಿಯ ನೀರು ಬರುತ್ತದೆಂದು ಆ ಕಡೆ ಎಲ್ಲರೂ ಹೊಲ ಸಮ ಮಾಡಿಸುವ ಅವಸರದಲ್ಲಿದ್ದರು. ಹೊಲದ ಯಜಮಾನರು ಮಧ್ಯಾಹ್ನ ಬುತ್ತಿ ಬಿಚ್ಚಿ ನನ್ನನ್ನೂ ಕರೆದರು. ರೊಟ್ಟಿ ಮೇಲೆ ಚಟ್ನಿ ಹಾಕುತ್ತ ಕೇಳಿದರು.

"ಸಾಹೇಬರ ಕಡಿ ಛಲೋ ಕೆಲಸ ಇತ್ತಲ್ಲೊ ತಮ್ಮಾ, ಯಾಕ ಬಿಟ್ಟಿ?"

ಬಾಯಿಗೆ ಮೊದಲು ಬಂದದ್ದು, ಅವರದೇ ತಪ್ಪು ಎನ್ನುವ ಒಂದು ಕಥೆ. ಅದನ್ನು ರೊಟ್ಟಿಯ ಜೊತೆ ನುಂಗಿದೆ.

"ಆಟ ಕಲಿಯೂದಿತ್ರಿ" ಎಂದೆ. "ನನಗ ಬರಲಿಲ್ಲ."

ಅವರು ಹೂಂ ಎಂದು ಇನ್ನೊಂದು ರೊಟ್ಟಿ ಮುಂದಿಟ್ಟರು. ನಾನು ಬೇಗ ಎದ್ದು ಹೋಗಿ ಟ್ರ್ಯಾಕ್ಟರ್ ಚಾಲೂ ಮಾಡಿದೆ.